ಗ್ಯಾರೇಜ್ ಪ್ರಶ್ನೋತ್ತರ: ಸೀಲ್ ಹೊಸದು, ಸೋರಿಕೆ ಹಳೆಯದು

ಪ್ರಶ್ನೆ: ನಮ್ಮ ತೋಟದಲ್ಲಿ ಅಪ್ಪ ಕೊಂಡಿದ್ದ 1972ರ ಮಹೀಂದ್ರ ಸಿಜೆ 3ಬಿ ಜೀಪಿದೆ. ಪೆಟ್ರೋಲ್ ಹರಿಕೇನ್ ಇಂಜಿನ್. ಹೋದ ವರ್ಷ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿಸಿದೆ. ಮೂರೇ ತಿಂಗಳಿಗೆ ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಕವಚ) ತಳದಿಂದ ಮತ್ತೆ ತೊಟ್ಟಿಕ್ಕಲು ಶುರು. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಅಂಗೈಯಗಲ ಕಲೆ. ಇಂಜಿನ್ ಇಳಿಸದೆ ಆಗುವುದಿಲ್ಲ ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಇಂಜಿನ್ ಇಳಿಸಬೇಕಿಲ್ಲ ಸ್ವಾಮಿ. ಈ ಇಂಜಿನ್ನಿನ ಹಿಂದಿನ ಸೀಲು ಎರಡು ಹೋಳಿನದು. ಮೇಲಿನ ಅರ್ಧ ಬ್ಲಾಕಿನಲ್ಲಿ, ಕೆಳಗಿನ ಅರ್ಧ ಕ್ರ್ಯಾಂಕನ್ನು ಕೆಳಗಿನಿಂದ ಹಿಡಿದಿಡುವ ಬೇರಿಂಗ್ ಕ್ಯಾಪಿನಲ್ಲಿ. ಸಂಪ್, ಅಂದರೆ ಇಂಜಿನ್ ತಳದ ಎಣ್ಣೆ ತಟ್ಟೆ, ಬಿಚ್ಚಿದರೆ ಕೆಳಗಿನಿಂದಲೇ ಕೈಗೆ ಸಿಗುತ್ತದೆ.

ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಆ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ. ಗಂಧಕದ ಘಾಟು ಮೂಗಿಗೆ ಹೊಡೆದರೆ ಅದು ಗೇರ್ ಆಯಿಲ್, ಗೇರ್‌ಬಾಕ್ಸಿನ ಕೆಲಸ. ಕ್ರ್ಯಾಂಕ್ ಸೀಲಿನ ತಪ್ಪಲ್ಲ. ಇಂಜಿನ್ ಆಯಿಲ್ಲೇ ಆಗಿದ್ದರೂ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಸೋರಿ, ಬ್ಲಾಕಿನ ಪಕ್ಕದಲ್ಲೇ ಇಳಿದು ಹಿಂದಕ್ಕೆ ಬಂದಿರಬಹುದು. ಕ್ಯಾಮ್‌ಶಾಫ್ಟಿನ ಹಿಂತುದಿಯ ಮುಚ್ಚಳವೂ ಫ್ಲೈವೀಲಿನ ಹಿಂದೆಯೇ ಅಡಗಿದೆ. ಇಂಜಿನ್ ಒಳಗಿನ ಅನಿಲವನ್ನು ಹೊರಗೆ ಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರಂತೂ ಒಳಗಿನ ಒತ್ತಡಕ್ಕೆ ಎಂಥ ಸೀಲೂ ಸೋರುತ್ತದೆ. ಇಂಜಿನ್ನನ್ನು ತೊಳೆದು, ಒರೆಸಿ, ಹತ್ತು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಈ ಅರ್ಧ ದಿನದ ಕೆಲಸವನ್ನು ಮಾತ್ರ ಯಾರೂ ಮಾಡುವುದಿಲ್ಲ!

ಇನ್ನು ನನ್ನ ಅನುಮಾನ ಹೇಳುತ್ತೇನೆ. ಸೀಲು ಬದಲಾಯಿಸಿದ ಮೇಲೂ ಸೋರುತ್ತಿದೆ ಎಂದಿರಲ್ಲ, ಹಿಂದಿನ ಬೇರಿಂಗ್ ಕ್ಯಾಪಿನ ಎರಡೂ ಪಕ್ಕದಲ್ಲಿ, ಕ್ಯಾಪ್ ಮತ್ತು ಬ್ಲಾಕಿನ ನಡುವಿನ ತೂತುಗಳಲ್ಲಿ, ಒಂದೊಂದು ರಬ್ಬರ್ ಪ್ಯಾಕಿಂಗ್ ಕೂರಬೇಕು. ಪೆನ್ಸಿಲ್ ತುಂಡಿನ ಹಾಗಿರುತ್ತದೆ. ಅದು ಸುಮಾರು 6 ಮಿಲಿಮೀಟರ್ ಹೊರಗೆ ಚಾಚಿಕೊಂಡೇ ಇರಬೇಕು. ಸಂಪ್ ಕೂರಿಸಿ ಬೋಲ್ಟ್ ಬಿಗಿದಾಗ ಅದು ಒಳಕ್ಕೆ ಒತ್ತಿಕೊಂಡು, ಉಬ್ಬಿ, ಸಂದು ಮುಚ್ಚುತ್ತದೆ.

ನಾನು ಹುಡುಗನಾಗಿ ಕೆಲಸ ಕಲಿಯುತ್ತಿದ್ದಾಗ ಹೀಗೇ ಒಂದು ಎಸ್ಟೇಟ್ ಜೀಪಿನ ಪ್ಯಾಕಿಂಗ್ ಹಾಕಿದೆ. ತುದಿ ಹೊರಗೆ ಉಳಿಯಿತು. ಉದ್ದ ಜಾಸ್ತಿಯಾಯಿತು ಎಂದುಕೊಂಡು ಬ್ಲೇಡಿನಲ್ಲಿ ಸಮಕ್ಕೆ ಸವರಿ, ನೋಡಲು ಚೆಂದವಾಯಿತು ಅಂತ ಬೀಗಿದೆ. ವಾರದೊಳಗೆ ಜೀಪು ವಾಪಸ್ಸು ಬಂತು. ಉಸ್ತಾದರು ಬೈಯಲಿಲ್ಲ. ಸಂಪ್ ಬಿಚ್ಚಿಸಿ, ನನ್ನ ಕಿರುಬೆರಳನ್ನು ಆ ತೂತಿಗೆ ಇಟ್ಟು, ‘ಎಣ್ಣೆ ಹೋಗೋ ದಾರಿ ಇದು, ನೀನೇ ಕೊಯ್ದು ಕೊಟ್ಟಿದ್ದೀಯ’ ಅಂದರು. ನಿಮ್ಮ ಜೀಪಿನಲ್ಲೂ ಯಾರೋ ಅಂದ ನೋಡಿರಬೇಕು, ಇಲ್ಲವೇ ಹಳೆಯ ಗಟ್ಟಿ ರಬ್ಬರನ್ನೇ ಮತ್ತೆ ತುರುಕಿರಬೇಕು.

ಸಂಪ್ ಬಿಚ್ಚಿದ ಮೇಲೆ ಸೀಲನ್ನೂ ಹೊಸದೇ ಹಾಕಿ. ಪ್ಲಗ್ಗುಗಳನ್ನು ತೆಗೆದಿಡಿ, ಕ್ರ್ಯಾಂಕ್ ಹಗುರವಾಗಿ ತಿರುಗುತ್ತದೆ. ಹಿಂದಿನ ಕ್ಯಾಪನ್ನು ನೆಟ್ಟಗೆ ಕೆಳಕ್ಕೆ ಎಳೆಯಬೇಕು. ಬಿಗಿಯಾಗಿ ಕೂತಿರುತ್ತದೆ, ಓರೆಯಾಗಿ ಮೀಟಿದರೆ ಕಚ್ಚಿಕೊಳ್ಳುತ್ತದೆ. ಉಳಿದ ಎರಡು ಮೇನ್ ಕ್ಯಾಪುಗಳನ್ನೂ ಸ್ವಲ್ಪ ಸಡಿಲಿಸಿ, ಕ್ರ್ಯಾಂಕ್ ಕೂದಲೆಳೆಯಷ್ಟು ಇಳಿಯಲಿ. ಮೇಲಿನ ಹೋಳಿನ ಒಂದು ತುದಿಗೆ ಹಿತ್ತಾಳೆ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿದರೆ ಇನ್ನೊಂದು ತುದಿ ಇಣುಕುತ್ತದೆ. ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಉಕ್ಕಿನ ಕಡ್ಡಿ ಬೇಡ. ಕ್ರ್ಯಾಂಕಿನ ಮೇಲೆ ಒಂದು ಗೀರು ಬಿದ್ದರೆ ಹೊಸ ಸೀಲು ಹಾಕಿಯೂ ಪ್ರಯೋಜನವಿಲ್ಲ.

ಹೊಸದನ್ನು ಒಳಗೆ ತಳ್ಳುವಾಗ ಬ್ಲಾಕಿನ ಚೂಪು ಅಂಚು ರಬ್ಬರಿನ ಬೆನ್ನನ್ನು ಕೆತ್ತಿಬಿಡುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ ಅಂಚಿಗೆ ಅಡ್ಡ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಅದರ ಮೇಲೆ ಸೀಲು ಜಾರುತ್ತಾ ಹೋಗುತ್ತದೆ. ಒಬ್ಬರು ತಳ್ಳುತ್ತಿರಲಿ, ಇನ್ನೊಬ್ಬರು ಮುಂದೆ ಹ್ಯಾಂಡಲ್ ಹಾಕಿ ಕ್ರ್ಯಾಂಕನ್ನು ಅದೇ ದಿಕ್ಕಿಗೆ ನಿಧಾನ ತಿರುಗಿಸಲಿ. ಸೀಲಿನ ಲಿಪ್ (ಕ್ರ್ಯಾಂಕಿಗೆ ತಾಗುವ ತೆಳು ಅಂಚು) ಇಂಜಿನ್ನಿನ ಕಡೆ, ಅಂದರೆ ಎಣ್ಣೆಯ ಕಡೆ ಮುಖ ಮಾಡಿರಬೇಕು. ಲಿಪ್ಪಿಗೆ ಇಂಜಿನ್ ಆಯಿಲ್ ಸವರಿರಬೇಕು. ಹೋಳುಗಳ ತುದಿಯನ್ನು ಕ್ಯಾಪಿನ ಕೂಡುಗೆರೆಗೆ ಸರಿಯಾಗಿ ನಿಲ್ಲಿಸದೆ ಮೂರ್ನಾಲ್ಕು ಮಿಲಿಮೀಟರ್ ಆಚೀಚೆ ಸರಿಸಿಡುತ್ತೇನೆ. ಕ್ಯಾಪ್ ಕೂರುವ ಮುಖಕ್ಕೆ ಸೀಲೆಂಟ್ ತೆಳ್ಳಗೆ ಸಾಕು. ಬೇರಿಂಗಿನ ಹತ್ತಿರಕ್ಕೆ ಹೋಗಲೇಬಾರದು. ಬೋಲ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ, ಮೂರೂ ಕ್ಯಾಪಿನವು. ಸಂಪಿನೊಳಗೆ ತೇಲುವ ಆಯಿಲ್ ಜಾಲರಿ ಇದೆ, ಅದರ ಕೆಸರು ತೊಳೆದುಬಿಡಿ. ಆಮೇಲೆ ಎಣ್ಣೆ ಸುಮಾರು 3.8 ಲೀಟರ್, ಫಿಲ್ಟರೂ ಬದಲಾಯಿಸಿದರೆ 4.7.

ಎರಡು ಸಂದರ್ಭದಲ್ಲಿ ಮಾತ್ರ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಇಂಜಿನ್ ಬಿಸಿಯಾದಾಗ ಆಯಿಲ್ ಪ್ರೆಷರಿನ ಮುಳ್ಳು ಮಲಗಿಬಿಡುತ್ತಿದ್ದರೆ ಬೇರಿಂಗ್ ಸವೆದಿರಬಹುದು, ಕುಣಿಯುವ ಕ್ರ್ಯಾಂಕಿಗೆ ಯಾವ ಸೀಲೂ ನಿಲ್ಲದು. ಶಿರಾಡಿ ಏರುವಾಗ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ ಅಂದರೆ ಕ್ಲಚ್ ಪ್ಲೇಟ್ ಎಣ್ಣೆ ಕುಡಿದಿದೆ. ಪೆಟ್ರೋಲಿನಲ್ಲಿ ತೊಳೆದು ಹಾಕುವುದು ಎರಡು ದಿನದ ಸಮಾಧಾನ. ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿಸಿ, ಆ ಕ್ಯಾಮಿನ ಮುಚ್ಚಳವನ್ನೂ ಆಗಲೇ ನೋಡಿಸಿ.

ಪ್ರಶ್ನೆ: ನಮ್ಮ 1968ರ ಅಂಬಾಸಿಡರ್ ಕೂಡ ಅದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಸೀಲ್ ಎಲ್ಲಿ ಸಿಗುತ್ತದೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಎಲ್ಲೂ ಸಿಗುವುದಿಲ್ಲ, ಯಾಕೆಂದರೆ ಅದಕ್ಕೆ ಸೀಲೇ ಇಲ್ಲ. ಬ್ರಿಟನ್ನಿನ ಬಿಎಂಸಿ ಕಂಪನಿಯ ಆ ಹಳೆಯ 1489 ಸಿಸಿ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಹಿಂತುದಿಗೆ ಸ್ಕ್ರೂವಿನಂಥ ತೋಡು ಕೊರೆದಿದ್ದಾರೆ. ತಿರುಗುವಾಗ ಅದೇ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ, ನಿಂತಾಗ ತಳ್ಳುವವರಿಲ್ಲ. ಇಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಪೈಪ್ ತೊಳೆಯಿರಿ, ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಬೇಡಿ. ಆಮೇಲೂ ದಿನಕ್ಕೆ ನಾಲ್ಕು ಹನಿ ಬಿದ್ದರೆ ಕೆಳಗೊಂದು ಹಳೇ ತಟ್ಟೆ ಇಡಿ.