ಮ್ಯಾನ್ಮಾರ್ ಯುದ್ಧದಲ್ಲಿ ಚೀನಾ ಯಾರ ಕಡೆ?

ಪ್ರಶ್ನೆ: ಮ್ಯಾನ್ಮಾರ್ ಸೇನೆಗೆ ಚೀನಾ ಯುದ್ಧವಿಮಾನ ಮಾರುತ್ತದೆ. ಆ ಸೇನೆಯ ವಿರುದ್ಧ ಹೋರಾಡುವವರ ಕೈಯಲ್ಲೂ ಚೀನಾದ ಬಂದೂಕುಗಳಿವೆ ಎಂದು ಓದಿದೆ. ಹಾಗಾದರೆ ಚೀನಾ ಯಾರ ಕಡೆ? ಅಲ್ಲಿ ನಡೆಯುವುದೆಲ್ಲ ಅವರ ಮಾತೇನಾ?
(ಓದುಗರು, ಶಿವಮೊಗ್ಗ)

ಉತ್ತರ: ನೀವು ಓದಿದ್ದು ಎರಡೂ ನಿಜ. ಇದು ಇವತ್ತು ನಿನ್ನೆಯದೂ ಅಲ್ಲ. 1960ರ ದಶಕದ ಕೊನೆಯಿಂದ ಚೀನಾ ಬರ್ಮಾ ಕಮ್ಯುನಿಸ್ಟ್ ಪಕ್ಷಕ್ಕೆ ಬಹಿರಂಗವಾಗಿಯೇ ಶಸ್ತ್ರ ಕೊಟ್ಟಿತ್ತು. 1989ರಲ್ಲಿ ಆ ಪಕ್ಷ ಒಡೆದು ಚೂರಾಯಿತು. ಅದರಿಂದ ಹೊರಬಂದ ತುಂಡುಗಳೇ ಗಡಿಯ ವಾ ಮತ್ತು ಕೊಕಾಂಗ್ ಪಡೆಗಳು. ವಾ ಪ್ರದೇಶದಲ್ಲಿ ಈಗಲೂ ಅಂಗಡಿಯಲ್ಲಿ ಓಡುವುದು ಚೀನಾದ ಯುವಾನ್, ಮೊಬೈಲ್‌ಗೆ ಸಿಗುವುದು ಚೀನಾದ ಸಿಗ್ನಲ್. ನಕ್ಷೆಯಲ್ಲಿ ಮಾತ್ರ ಅದು ಮ್ಯಾನ್ಮಾರ್!

2021ರ ಫೆಬ್ರುವರಿ 1ರಂದು ಸೇನೆ ಆಂಗ್ ಸಾನ್ ಸೂ ಕಿ ಅವರನ್ನು ಬಂಧಿಸಿ ಅಧಿಕಾರ ಹಿಡಿಯಿತು. ಇದನ್ನು ಚೀನಾವೇ ಮಾಡಿಸಿತು ಎಂದು ತುಂಬ ಜನ ನಂಬಿದರು. ನನಗೆ ಹಾಗನ್ನಿಸುವುದಿಲ್ಲ. ಸೂ ಕಿ ಸರ್ಕಾರದ ಜತೆ ಚೀನಾಕ್ಕೆ ಚೆನ್ನಾಗಿಯೇ ಇತ್ತು. 2020ರ ಜನವರಿಯಲ್ಲಿ ಷಿ ಜಿನ್‌ಪಿಂಗ್ ಸ್ವತಃ ಬಂದು 33 ಒಪ್ಪಂದ ಮಾಡಿಕೊಂಡು ಹೋಗಿದ್ದರು.

ಚೀನಾದ ವರಸೆ ತಿಳಿಯಬೇಕಾದರೆ 2023ರ ಅಕ್ಟೋಬರ್ 27ರಿಂದ ನೋಡಬೇಕು. ಅಂದು ಕೊಕಾಂಗ್ ಪಡೆ, ತಾಆಂಗ್ ಜನಾಂಗದ ಪಡೆ, ರಖೈನ್ ಜನರ ಅರಕಾನ್ ಆರ್ಮಿ ಮೂರೂ ಸೇರಿ ಶಾನ್ ರಾಜ್ಯದ ಉತ್ತರದಲ್ಲಿ ಸೇನೆಯ ಮೇಲೆ ದಾಳಿ ಮಾಡಿದವು. ಚೀನಾ ಗಡಿಗೆ ಹೊಂದಿಕೊಂಡೇ ಯುದ್ಧ. ಆದರೂ ಬೀಜಿಂಗ್ ಶುರುವಿನಲ್ಲಿ ಗಟ್ಟಿಯಾಗಿ ತಡೆಯಲಿಲ್ಲ. ಯಾಕೆಂದರೆ ಕೊಕಾಂಗ್‌ನ ಲೌಕ್ಕಾಯ್ ಪಟ್ಟಣ ಆನ್‌ಲೈನ್ ವಂಚನೆಯ ದೊಡ್ಡ ಅಡ್ಡೆಯಾಗಿತ್ತು. ಮೋಸ ಹೋಗುತ್ತಿದ್ದವರು ಚೀನಾದ ಸಾಮಾನ್ಯ ಜನ. ಅಡ್ಡೆ ನಡೆಸುತ್ತಿದ್ದ ಮನೆತನಗಳಿಗೆ ಸೇನೆಯ ನೆರಳು ಇತ್ತು. ಎಷ್ಟು ಹೇಳಿದರೂ ಸೇನೆ ಅವರನ್ನು ಮುಟ್ಟಲಿಲ್ಲ. ಯುದ್ಧ ಶುರುವಾದ ಮೇಲೆ ಆ ಮನೆತನಗಳ ಹಲವು ಯಜಮಾನರು ಚೀನಾ ಪೊಲೀಸರ ಕೈಸೇರಿದರು. 2025ರ ಸೆಪ್ಟೆಂಬರ್‌ನಲ್ಲಿ ಮಿಂಗ್ ಮನೆತನದ ಗುಂಪಿನ 11 ಮಂದಿಗೆ ಚೀನಾದ ಕೋರ್ಟ್ ಮರಣದಂಡನೆ ವಿಧಿಸಿತು.

ಅಲ್ಲಿಗೆ ಚೀನಾದ ಕೆಲಸ ಮುಗಿದಿತ್ತು. ಬಂಡುಕೋರರದ್ದು ಮುಗಿದಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಕೊಕಾಂಗ್ ಪಡೆ ಲಾಶಿಯೊ ನಗರವನ್ನೇ ಹಿಡಿಯಿತು. ಸೇನೆಯ ಪ್ರಾದೇಶಿಕ ಮುಖ್ಯ ಕಚೇರಿ ಇದ್ದ ಊರು ಅದು. ಇದು ಅತಿಯಾಯಿತು ಎಂದು ಬೀಜಿಂಗ್‌ಗೆ ಅನ್ನಿಸಿತು. ಸೇನೆ ಪೂರ್ತಿ ಕುಸಿದರೆ ನಾಳೆ ಯಾರ ಜತೆ ವ್ಯವಹಾರ ಮಾಡುವುದು, ಅಲ್ವಾ? ಚೀನಾ ಗಡಿಬಾಗಿಲು ಮುಚ್ಚಿತು. ಅಕ್ಕಿ, ಔಷಧಿ, ಇಂಧನ ನಿಂತವು. ಕರೆಂಟು, ಇಂಟರ್ನೆಟ್ ಕೂಡ ಕಡಿತವಾಯಿತು. ಕೊಕಾಂಗ್ ಪಡೆಯ ನಾಯಕ ಪೆಂಗ್ ಡಾಶುನ್ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಬಂಧನದಲ್ಲಿದ್ದಾರೆ ಎಂಬ ಸುದ್ದಿ ಬಂತು. 'ಚಿಕಿತ್ಸೆಗೆ ಬಂದಿದ್ದಾರೆ' ಎಂದಿತು ಚೀನಾ. 2025ರ ಜನವರಿಯಲ್ಲಿ ಕದನವಿರಾಮ. ಏಪ್ರಿಲ್‌ನಲ್ಲಿ ಚೀನಾದ ವೀಕ್ಷಕರ ಎದುರೇ ಲಾಶಿಯೊ ಮತ್ತೆ ಸೇನೆಯ ಕೈಗೆ. ಎಷ್ಟೋ ಜನ ಜೀವ ತೆತ್ತು ಗೆದ್ದ ನಗರವನ್ನು ಒಂದೂ ಗುಂಡು ಹಾರಿಸದೆ ವಾಪಸ್ ಕೊಡಿಸಿದ್ದು ಹೀಗೆ.

ಹಾಗಂತ ಎಲ್ಲವೂ ಚೀನಾದ ಮಾತಿನಂತೆ ನಡೆಯುವುದಿಲ್ಲ. ಕಚಿನ್ ರಾಜ್ಯದಲ್ಲಿ ಐರಾವತಿ ನದಿ ಹುಟ್ಟುವ ಸಂಗಮದಲ್ಲಿ 360 ಕೋಟಿ ಡಾಲರ್‌ನ ಮಿತ್ಸೋನ್ ಅಣೆಕಟ್ಟು ಕಟ್ಟಲು ಚೀನಾದ ಕಂಪನಿ ಹೊರಟಿತ್ತು. ವಿದ್ಯುತ್ತಿನ ಹೆಚ್ಚಿನ ಪಾಲು ಚೀನಾಕ್ಕೇ ಹೋಗುವ ಲೆಕ್ಕ. ಜನರ ಸಿಟ್ಟು ನೋಡಿ 2011ರ ಸೆಪ್ಟೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಥೀನ್ ಸೀನ್ ಅದನ್ನು ನಿಲ್ಲಿಸಿದರು. ಅವರು ಮಾಜಿ ಸೇನಾಧಿಕಾರಿ ಎನ್ನುವುದನ್ನು ಮರೆಯಬೇಡಿ. ಚೀನಾ ಮೇಲಿನ ಗುಮಾನಿ ಬರ್ಮಾ ಸೇನೆಯಲ್ಲೂ ಕಡಿಮೆ ಇಲ್ಲ. ಸುಮ್ನೆ ಅವರನ್ನು 'ಚೀನಾದ ಕೈಗೊಂಬೆ' ಅನ್ನುವವರು ಇದನ್ನು ನೋಡುವುದೇ ಇಲ್ಲ.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ ಚೀನಾಕ್ಕೆ? ಅಲ್ಲಿಂದ ಅದಕ್ಕೆ ಸಿಗುವುದಾದರೂ ಏನು?
(ಓದುಗರು, ಹುಬ್ಬಳ್ಳಿ)

ಉತ್ತರ: ಮೊದಲನೆಯದು ಸಮುದ್ರದ ದಾರಿ. ಚೀನಾಕ್ಕೆ ಬರುವ ತೈಲದ ಬಹುಪಾಲು ಮಲಕ್ಕಾ ಜಲಸಂಧಿಯ ಇಕ್ಕಟ್ಟಿನಲ್ಲೇ ಬರಬೇಕು. ಅದಕ್ಕೇ ಬಂಗಾಳ ಕೊಲ್ಲಿಯ ಕ್ಯಾಕ್‌ಪ್ಯೂನಿಂದ ಯುನ್ನಾನ್‌ವರೆಗೆ ಎರಡು ಪೈಪ್‌ಲೈನ್ ಹಾಕಿದ್ದಾರೆ. 2013ರಿಂದ ಗ್ಯಾಸ್, 2017ರಿಂದ ಕಚ್ಚಾ ತೈಲ. ಕ್ಯಾಕ್‌ಪ್ಯೂನಲ್ಲಿ ಆಳಸಮುದ್ರದ ಬಂದರೂ ಯೋಜನೆಯಲ್ಲಿದೆ. ಆದರೆ ಕ್ಯಾಕ್‌ಪ್ಯೂ ಇರುವ ರಖೈನ್ ರಾಜ್ಯದ ಬಹುಭಾಗ ಈಗ ಅರಕಾನ್ ಆರ್ಮಿ ಹಿಡಿತದಲ್ಲಿದೆ. 'ವಿದೇಶಿ ಹೂಡಿಕೆಗೆ ನಾವೇ ರಕ್ಷಣೆ ಕೊಡುತ್ತೇವೆ' ಎಂದು ಅವರೂ ಹೇಳಿಬಿಟ್ಟಿದ್ದಾರೆ. ಸೇನೆಯನ್ನು ಸೋಲಿಸಲು ಹೊರಟವರಿಗೂ ಚೀನಾವನ್ನು ಎದುರು ಹಾಕಿಕೊಳ್ಳುವ ಧೈರ್ಯ ಇಲ್ಲ.

ಎರಡನೆಯದು ಮಣ್ಣು. ಕಚಿನ್ ಬೆಟ್ಟಗಳಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಎಂಬ ರೇರ್ ಅರ್ಥ್ ಲೋಹಗಳಿವೆ. ಎಲೆಕ್ಟ್ರಿಕ್ ಗಾಡಿಯ ಮೋಟಾರಿನ ಮ್ಯಾಗ್ನೆಟ್ ಬಿಸಿಯಲ್ಲೂ ಶಕ್ತಿ ಕಳೆದುಕೊಳ್ಳದಂತೆ ಮಾಡಲು ಇವನ್ನು ಬೆರೆಸುತ್ತಾರೆ. ಬೆಟ್ಟಕ್ಕೆ ತೂತು ಕೊರೆದು ಅಮೋನಿಯಂ ಸಲ್ಫೇಟ್ ದ್ರಾವಣ ಸುರಿಯುತ್ತಾರೆ. ಕೆಳಗೆ ಹರಿದುಬಂದ ನೀರನ್ನು ಹೊಂಡದಲ್ಲಿ ಹಿಡಿದು ಲೋಹ ತೆಗೆಯುತ್ತಾರೆ. ಹಳ್ಳ ಕೆಡುವುದು ಕಚಿನ್ ಜನರದ್ದು, ಲೋಹ ಸೇರುವುದು ಚೀನಾ. 2024ರ ಅಕ್ಟೋಬರ್‌ನಲ್ಲಿ ಗಣಿಪ್ರದೇಶದ ಪಂಗ್ವಾ ಪಟ್ಟಣವನ್ನು ಕಚಿನ್ ಪಡೆ ವಶ ಮಾಡಿಕೊಂಡಿತು. ಚೀನಾಕ್ಕೆ ಲೋಹ ಬೇಕು, ಕಚಿನ್ ಪಡೆಗೆ ತೆರಿಗೆ ಬೇಕು. ಬೇರೆ ಯಾರೂ ಅಲ್ಲಿಗೆ ಬಂದು ಕೊಳ್ಳಲಾರರು. ಹಾಗಾಗಿ ಜಗಳ ಆಡುತ್ತಲೇ ವ್ಯಾಪಾರ ನಡೆಯುತ್ತಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಈ ಲೋಹ, ಮ್ಯಾಗ್ನೆಟ್‌ಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ದೇಶದ ಗಾಡಿ ಕಂಪನಿಗಳೂ ಪರದಾಡಿದವು. ಆ ಬೆಟ್ಟಗಳು ನಾವು ಅಂದುಕೊಂಡಷ್ಟು ದೂರ ಇಲ್ಲ.

ಪ್ರಶ್ನೆ: ಭಾರತವೂ ಪಕ್ಕದ ದೇಶವೇ. ನಮಗೆ ಅಲ್ಲಿ ಏನೂ ಹಿಡಿತ ಇಲ್ವಾ?
(ಓದುಗರು, ಬೆಂಗಳೂರು)

ಉತ್ತರ: ಇದೆ, ಆದರೆ ತೀರಾ ಕಡಿಮೆ. 1,643 ಕಿಲೋಮೀಟರ್ ಗಡಿ ಇದ್ದರೂ ನಮ್ಮ ದೊಡ್ಡ ಯೋಜನೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಕಲಾದನ್. ಕೋಲ್ಕತ್ತದಿಂದ ಹಡಗಿನಲ್ಲಿ ಸಿತ್ವೆಗೆ, ಅಲ್ಲಿಂದ ನದಿಯಲ್ಲಿ ಪಲೇತ್ವಾಕ್ಕೆ, ಅಲ್ಲಿಂದ ರಸ್ತೆಯಲ್ಲಿ ಮಿಜೋರಾಂಗೆ ಸರಕು ಸಾಗಿಸುವ ಯೋಜನೆ ಇದು. 2008ರಲ್ಲಿ ಒಪ್ಪಂದವಾಯಿತು. ಸಿತ್ವೆ ಬಂದರು ಶುರುವಾಗಿದ್ದು 2023ರ ಮೇನಲ್ಲಿ. ರಸ್ತೆ ಉಳಿಯಿತು. 2024ರ ಜನವರಿಯಲ್ಲಿ ಪಲೇತ್ವಾ ಅರಕಾನ್ ಆರ್ಮಿ ಕೈಗೆ ಹೋಯಿತು. ಇನ್ನು ಆ ರಸ್ತೆ ಮುಗಿಯಬೇಕಾದರೆ ರಾಜಧಾನಿ ನೇಪಿಡಾದ ಜನರಲ್‌ಗಳ ಒಪ್ಪಿಗೆ ಸಾಲದು, ಅರಕಾನ್ ಆರ್ಮಿಯ ಒಪ್ಪಿಗೆಯೂ ಬೇಕು.