ಕಸ ಹೆಕ್ಕುವ ರೋಬೋಟ್ ಬೇಡ, ಗಿಡಕ್ಕೆ ನೀರು ಹಾಕಿಸಿ

ಒಂಬತ್ತನೇ ತರಗತಿಯವರಿಗೆ ರೋಬೋಟ್ ಮಾಡಿಸುತ್ತಲೇ ಪರಿಸರದ ಪಾಠ ಹೇಳಬೇಕು, ಕಸ ಹೆಕ್ಕುವ ರೋಬೋಟ್ ಆಗುತ್ತಾ ಅಂತ ಕೇಳಿದ್ದೀರಿ. ನಾನಾದರೆ ಅದನ್ನು ಮಾಡಿಸುವುದಿಲ್ಲ. ಮಕ್ಕಳ ಗಮನವೆಲ್ಲ ಚಕ್ರ ಜೋಡಿಸುವುದಕ್ಕೇ ಹೋಗುತ್ತದೆ. ಆ ಕಸ ಎಲ್ಲಿಂದ ಬಂತು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಗಿಡಕ್ಕೆ ತಾನೇ ನೀರು ಹಾಕುವ ಯಂತ್ರ ಮಾಡಿಸಿ. ಆರ್ಡುಯಿನೊ ಊನೊ ಅನ್ನುವ, ನಾವು ಬರೆದ ಪ್ರೋಗ್ರಾಂನಂತೆ ನಡೆಯುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್, ಮಣ್ಣಿನ ತೇವ ಅಳೆಯುವ ಸೆನ್ಸರ್, ಬೋರ್ಡ್ ಹೇಳಿದಂತೆ ಪಂಪನ್ನು ಆನ್-ಆಫ್ ಮಾಡುವ ರಿಲೇ ಅನ್ನುವ ಸ್ವಿಚ್, ಪುಟ್ಟ ಪಂಪ್ ಸಾಕು. ಸೆನ್ಸರ್ ಅಳೆದದ್ದನ್ನು ಬೋರ್ಡ್ 0ಯಿಂದ 1023ರ ನಡುವಿನ ಅಂಕಿಯಾಗಿ ತೋರಿಸುತ್ತದೆ. ಒಣ ಮಣ್ಣಿಗೆ ಎಷ್ಟು, ಒದ್ದೆ ಮಣ್ಣಿಗೆ ಎಷ್ಟು ಅಂತ ಮಕ್ಕಳೇ ಬರೆದಿಟ್ಟುಕೊಳ್ಳಲಿ. ಪಕ್ಕದಲ್ಲೇ ಇನ್ನೊಂದು ಕುಂಡಕ್ಕೆ ಕೈಯಲ್ಲಿ ನೀರು ಹಾಕಿಸಿ. ಎರಡು ವಾರ ಎರಡರ ನೀರನ್ನೂ ಮಿಲಿಲೀಟರ್ ಲೆಕ್ಕದಲ್ಲಿ ಅಳೆಯಲಿ. ಯಂತ್ರವೇ ಜಾಸ್ತಿ ಸುರಿದಿದ್ದರೂ ಪರವಾಗಿಲ್ಲ. ಯಾಕೆ ಅಂತ ಹುಡುಕುವುದೇ ಪಾಠ ಅಲ್ವಾ?

ಒಂದು ಎಚ್ಚರಿಕೆ. ಎರಡು ಕಡ್ಡಿಯ ಅಗ್ಗದ ಸೆನ್ಸರ್‌ಗೆ ಸದಾ ಕರೆಂಟ್ ಹರಿಸಬೇಡಿ, ಅಳೆಯುವಾಗ ಮಾತ್ರ ಕೊಡಿ. ನಮ್ಮದರಲ್ಲಿ ಕೆಲವೇ ವಾರಕ್ಕೆ ಲೋಹದ ಲೇಪ ತಿಂದು ಹೋಗಿತ್ತು. ಸವೆದ ಕಡ್ಡಿಯನ್ನು ಮಕ್ಕಳ ಕೈಗೇ ಕೊಟ್ಟೆ. "ಹಾಗಾದ್ರೆ ಆ ತಾಮ್ರ ಮಣ್ಣಿಗೇ ಸೇರಿತಲ್ವಾ ಮಿಸ್?" ಎಂದಳು ಒಬ್ಬಳು. ಇ-ತ್ಯಾಜ್ಯದ ಮಾತು ಅಲ್ಲಿಂದಲೇ ಶುರುವಾಯಿತು.