ಗಾಯಾಳುವನ್ನು ಹತ್ತಿಸಿಕೊಂಡು ತಕ್ಷಣ ಹಾರಬಾರದೇಕೆ?

ಪ್ರಶ್ನೆ: ಹೆದ್ದಾರಿಯಲ್ಲಿ ಅಪಘಾತವಾದ ಜಾಗಕ್ಕೆ ಬಂದಿಳಿದ ವೈದ್ಯಕೀಯ ಹೆಲಿಕಾಪ್ಟರ್ ಇಪ್ಪತ್ತು ನಿಮಿಷ ಕದಲಲೇ ಇಲ್ಲ. ವೈದ್ಯರು ರಸ್ತೆಬದಿಯಲ್ಲೇ ಚಿಕಿತ್ಸೆ ಕೊಡುತ್ತಿದ್ದರು. ಅದನ್ನೇ ಹಾರುತ್ತ ಕೊಡಬಹುದಿತ್ತಲ್ಲ? ಜಾಗ ಸಾಲದಿದ್ದರೆ ದೊಡ್ಡ ಹೆಲಿಕಾಪ್ಟರನ್ನೇ ಇಟ್ಟುಕೊಳ್ಳಲು ಏನಡ್ಡಿ?

ಉತ್ತರ: ದೂರದಿಂದ ನೋಡುವವರಿಗೆ ಅದು ಕಾಲಹರಣದಂತೆ ಕಾಣುವುದು ಸಹಜ. ಆದರೆ ಕ್ಯಾಬಿನ್ನಿಗೆ ಎಷ್ಟು ಮಂದಿ ಹಿಡಿಸುತ್ತಾರೆ ಎಂಬುದಕ್ಕಿಂತ, ಮಲಗಿರುವ ರೋಗಿಯ ಮೈಯಲ್ಲಿ ಎಲ್ಲೆಲ್ಲಿಗೆ ವೈದ್ಯರ ಕೈ ಮುಟ್ಟುತ್ತದೆ ಎಂಬುದೇ ಇಲ್ಲಿ ಮುಖ್ಯ.

ಕೊರಿಯಾ ಯುದ್ಧದಲ್ಲಿ (1950–53) ಬೆಲ್ 47 ಹೆಲಿಕಾಪ್ಟರಿನ ಹೊರಬದಿಗೆ ಸ್ಟ್ರೆಚರ್ ಕಟ್ಟಿ ಗಾಯಾಳುಗಳನ್ನು ಸಾಗಿಸುತ್ತಿದ್ದರು. ದಾರಿಯಲ್ಲಿ ಚಿಕಿತ್ಸೆಯ ಮಾತೇ ಇರಲಿಲ್ಲ. 1970ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಸೇವೆಗಿಳಿದ ಬೋ 105 ಹೆಲಿಕಾಪ್ಟರಿನಲ್ಲಿ ರೋಗಿಗೆ ಒಳಗೇ ಜಾಗ ಸಿಕ್ಕಿತು. ಹಿಂಬದಿಯ ಜೋಡಿ ಬಾಗಿಲು ತೆರೆದು ಸ್ಟ್ರೆಚರನ್ನು ಒಳಕ್ಕೆ ತಳ್ಳಬಹುದಿತ್ತು. ಆದರೆ ಕಾಲುಗಳು ಬಾಲದ ಕಡೆಯ ಇಕ್ಕಟ್ಟಿಗೆ ಸೇರಿಬಿಡುತ್ತಿದ್ದವು. ತಲೆ ಮತ್ತು ಎದೆ ವೈದ್ಯರ ಎದುರಿಗಿದ್ದರೂ, ತೊಡೆಯ ಗಾಯ ಮತ್ತೆ ಸುರಿಯತೊಡಗಿದರೆ ಅಲ್ಲಿಗೆ ಕೈ ಚಾಚುವುದೇ ಕಷ್ಟ. ಇಂದಿನ ಎಚ್‌145ರಂಥವುಗಳಲ್ಲಿ ನೆಲ ಸಮತಟ್ಟಾಗಿದೆ, ಕೈಯಾಡಿಸಲು ಜಾಗವೂ ಹೆಚ್ಚು. ಹಾಗೆಂದು ಅದು ಶಸ್ತ್ರಚಿಕಿತ್ಸೆಯ ಕೋಣೆಯೇನಲ್ಲ. ನೆಟ್ಟಗೆ ನಿಲ್ಲುವಂತಿಲ್ಲ, ಸೀಟ್ ಬೆಲ್ಟ್ ಬಿಚ್ಚುವುದು ಅಪಾಯ. ಎಂಜಿನ್ ಮತ್ತು ರೆಕ್ಕೆಗಳ ಅಬ್ಬರದಲ್ಲಿ ಸ್ಟೆತಾಸ್ಕೋಪ್ ಬಹುಮಟ್ಟಿಗೆ ಕೊರಳಿನ ಅಲಂಕಾರ; ಉಸಿರಾಟವನ್ನು ಮಾನಿಟರಿನ ಪರದೆಯಲ್ಲೇ ನೋಡಿ ತಿಳಿಯಬೇಕು. ಹೃದಯ ನಿಂತಾಗ ಎದೆ ಒತ್ತುವ ಕೆಲಸವನ್ನು ಅಲುಗಾಡುವ ಕ್ಯಾಬಿನ್ನಿನಲ್ಲಿ ಕೈಯಿಂದ ಸರಿಯಾಗಿ ಮಾಡಲಾಗದೆಂದು ಹಲವೆಡೆ ಯಂತ್ರವನ್ನು ಕಟ್ಟಿ ಹಾರುತ್ತಾರೆ.

ಆದ್ದರಿಂದ ಶ್ವಾಸನಾಳಕ್ಕೆ ಕೊಳವೆ ಹಾಕುವುದು, ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುವುದು, ರಕ್ತಸ್ರಾವ ಕಟ್ಟುವುದು ಇವೆಲ್ಲ ನೆಲದ ಮೇಲೆಯೇ ಮುಗಿಯಬೇಕು. ಎದೆಯ ಗಾಳಿಯ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ: ಎತ್ತರಕ್ಕೇರಿದಂತೆ ಹೊರಗಿನ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ. ನೀವು ಕಂಡ ಇಪ್ಪತ್ತು ನಿಮಿಷಗಳಲ್ಲಿ ಇಂಥದ್ದೇ ಕೆಲಸ ನಡೆದಿರಬೇಕು. ಹೊಟ್ಟೆಯೊಳಗಿನ ರಕ್ತಸ್ರಾವದ ಮಾತು ಬೇರೆ. ಅದನ್ನು ರಸ್ತೆಬದಿಯಲ್ಲಿ ನಿಲ್ಲಿಸುವುದು ಕಷ್ಟ, ಹಾಗಾಗಿ ಬೇಗ ಹೊರಡುವುದೇ ಜಾಣತನ.

ದೊಡ್ಡ ಹೆಲಿಕಾಪ್ಟರ್‌ಗಳೂ ಇವೆ. ಬ್ರಿಟನ್ನಿನ ಸೇನೆ ಅಫ್ಘಾನಿಸ್ತಾನದಲ್ಲಿ ಚಿನೂಕ್ ಒಳಗೆ ವೈದ್ಯರ ತಂಡವನ್ನೇ ಕರೆದೊಯ್ಯುತ್ತಿತ್ತು. ಆದರೆ ದೊಡ್ಡದಕ್ಕೆ ಇಳಿಯಲು ವಿಶಾಲವಾದ ಬಯಲು ಬೇಕು, ಅದರ ರೆಕ್ಕೆಯ ಗಾಳಿಗೆ ಕಲ್ಲು, ತಗಡುಗಳೆಲ್ಲ ಹಾರುತ್ತವೆ. ನಿಮ್ಮ ಹೆದ್ದಾರಿಯ ಅಂಚಿನಲ್ಲಿ ಅದು ಇಳಿಯಲು ಜಾಗ ಸಿಗುತ್ತಿತ್ತೆಂಬುದೇ ಅನುಮಾನ.